ಇಪ್ಪತ್ತಾರೋ, ಏಳುನೂರೋ?

ಮಕ್ಕಳೇ, ಈ ಪುಟ ಓದುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಸೈಕಲ್ಲಿನ ಟಯರಿನ ಪಕ್ಕವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ರಬ್ಬರಿನ ಮೇಲೆ ಉಬ್ಬು ಅಕ್ಷರದಲ್ಲಿ 40-635 ಅಂತಲೋ, 50-559 ಅಂತಲೋ ಎರಡು ಅಂಕಿಗಳು, ನಡುವೆ ಒಂದು ಗೆರೆ ಇರುತ್ತದೆ. ಮೊದಲನೆಯದು ಟಯರಿನ ಅಗಲ. ಎರಡನೆಯದು ಟಯರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಎರಡೂ ಮಿಲಿಮೀಟರಿನಲ್ಲಿ. ಸಿಕ್ಕಿತೇ? ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಈ ವಾರ ನಾನು ಇಂಥ ಅಂಕಿಗಳ ಬೆನ್ನು ಹತ್ತಲು ಕಾರಣ ಅಮೆರಿಕದ ಸಿಯಾಟಲ್‌ನಲ್ಲಿರುವ ನನ್ನ ಮೊಮ್ಮಗಳು. ವಯಸ್ಸು 13. ವಯಸ್ಸಿಗೆ ಸ್ವಲ್ಪ ಗಿಡ್ಡ, ನನ್ನ ಹಾಗೆ. ಅವಳು ಆಡುವುದು ಸೈಕಲ್ ಪೋಲೋ. ಕುದುರೆಯ ಮೇಲೆ ಕೂತು ಉದ್ದ ಕೋಲಿನಿಂದ ಚೆಂಡು ಹೊಡೆಯುವ ಪೋಲೋ ಆಟದ ಚಿತ್ರ ನೋಡಿರುತ್ತೀರಿ. ಕುದುರೆಯ ಜಾಗದಲ್ಲಿ ಸೈಕಲ್ ಇಟ್ಟರೆ ಇವಳ ಆಟ. ಕುದುರೆಗಾದರೆ ಹುರುಳಿ ಬೇಯಿಸಬೇಕು, ಸೈಕಲ್ಲಿಗೆ ಗಾಳಿ ಹೊಡೆದರೆ ಸಾಕು.

ಈ ಆಟ ಮೊನ್ನೆ ಮೊನ್ನೆಯದೇನೂ ಅಲ್ಲ. 1891ರಲ್ಲಿ ಐರ್ಲೆಂಡಿನ ವಿಕ್ಲೋ ಎಂಬಲ್ಲಿ ರಿಚರ್ಡ್ ಮೆಕ್ರೀಡಿ ಎಂಬ ಪತ್ರಿಕೆಯ ಸಂಪಾದಕರು ಶುರು ಮಾಡಿದ್ದು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಪಂದ್ಯವಾಗಿ ನಡೆದು, ಐರ್ಲೆಂಡ್ ಜರ್ಮನಿಯನ್ನು 3-1ರಿಂದ ಸೋಲಿಸಿತು. ನಮ್ಮ ದೇಶದಲ್ಲೂ ಹುಲ್ಲಿನ ಮೈದಾನದ ಸೈಕಲ್ ಪೋಲೋಗೆ ರಾಷ್ಟ್ರೀಯ ಪಂದ್ಯಾವಳಿ ಇದೆ, ಸೇನೆ ಮತ್ತು ವಾಯುಪಡೆಯ ತಂಡಗಳು ಆಡುತ್ತವೆ. ಆದರೆ ಮೊಮ್ಮಗಳದ್ದು ಗಟ್ಟಿ ನೆಲದ ಆಟ. 2000ನೇ ಇಸವಿಯ ಆಸುಪಾಸಿನಲ್ಲಿ ಅದೇ ಸಿಯಾಟಲ್ ಊರಿನಲ್ಲಿ, ಸೈಕಲ್ ಮೇಲೆ ಪತ್ರ, ಪೊಟ್ಟಣ ತಲುಪಿಸುವ ಹುಡುಗರು ಬಿಡುವಿನ ಹೊತ್ತಿನಲ್ಲಿ ಆಡಿ ಬೆಳೆಸಿದ್ದು. ಟೆನಿಸ್ ಅಂಗಳದಷ್ಟು ಜಾಗ, ಒಂದು ಕಡೆಗೆ ಮೂವರು. ಮುಖ್ಯ ನಿಯಮ ಒಂದಿದೆ: ಕಾಲು ನೆಲಕ್ಕೆ ತಗಲಬಾರದು. ತಗಲಿತೋ, ಆಟ ಬಿಟ್ಟು ಅಂಗಳದ ನಡುಗೆರೆಯ ಪಕ್ಕಕ್ಕೆ ಹೋಗಿ, ಅಲ್ಲಿ ಗುರುತು ಮಾಡಿದ ಜಾಗವನ್ನು ಕೋಲಿನಿಂದ ಮುಟ್ಟಿ ಬರಬೇಕು. ಅಷ್ಟು ಹೊತ್ತು ತಂಡದಲ್ಲಿ ಇಬ್ಬರೇ.

ಮೊಮ್ಮಗಳ ಕಷ್ಟ ಇದೇ. ಚೆಂಡು ಹಿಡಿದು ಗಕ್ಕನೆ ತಿರುಗಿದಾಗಲೆಲ್ಲ ಅವಳ ಕಾಲು ನೆಲಕ್ಕೆ. ಒಂದು ಆಟದಲ್ಲಿ ಐದಾರು ಸಲ. ಜೊತೆಯವರು ಅವಳನ್ನು ಗೋಲಿನ ಮುಂದೆ ನಿಲ್ಲಿಸಿಬಿಟ್ಟರು. "ಹೆದರ್ಕೋತೀಯ, ಅದಕ್ಕೇ ಕಾಲು ಇಡ್ತೀಯ" ಅಂದರಂತೆ. ಹೋದ ತಿಂಗಳು ಫೋನಿನಲ್ಲಿ ಮೆಲ್ಲಗೆ ಹೇಳಿದಳು: "ಅಜ್ಜಿ, ನಂಗೆ ಈ ಆಟ ಬರಲ್ಲ ಅನ್ಸುತ್ತೆ. ಬಿಟ್ಬಿಡ್ಲಾ?"

ಮಗು ಹೆದರಿದರೆ ಅದು ಒಂದು ವಿಷಯ. ಹೆದರಿಕೆಯೇ ಇಲ್ಲದ ಮಗುವಿಗೆ ನೀನು ಪುಕ್ಕಲಿ ಅಂತ ಹತ್ತು ಜನ ಹೇಳಿ ನಂಬಿಸಿದರೆ ಅದು ಬೇರೆಯೇ ವಿಷಯ. ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವಳು ನಾನು. ಇಂಥದ್ದನ್ನು ಅಳತೆ ಮಾಡದೆ ಒಪ್ಪುವುದಿಲ್ಲ. "ಅಪ್ಪನ ಕೈಲಿ ಸೈಕಲ್ ಹಿಡಿಸಿ, ಪೆಡಲು ಮುಂದಕ್ಕೆ ಮಾಡಿ ಕಾಲಿಟ್ಟು, ಹ್ಯಾಂಡಲು ಪೂರ್ತಿ ತಿರುಗಿಸಿ ವಿಡಿಯೋ ಕಳಿಸು" ಅಂದೆ. ಕಳಿಸಿದಳು. ನೋಡಿದರೆ ಅವಳ ಶೂ ತುದಿ ಮುಂದಿನ ಟಯರಿಗೆ ಒರಗಿ ನಿಂತಿದೆ! ಚಕ್ರ ತಿರುಗಬೇಕಾದರೆ ಕಾಲು ಎತ್ತಲೇಬೇಕು. ಎತ್ತಿದ ಕಾಲು ಹೋಗುವುದು ಎಲ್ಲಿಗೆ? ನೆಲಕ್ಕೆ.

ರಸ್ತೆಯಲ್ಲಿ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಜೋರಾಗಿ ಹೋಗುವಾಗ ನಾವು ಹ್ಯಾಂಡಲು ತಿರುಗಿಸುವುದು ಬಹಳ ಕಡಿಮೆ, ಮೈ ವಾಲಿಸಿಯೇ ತಿರುಗುತ್ತೇವೆ. ಪೋಲೋದಲ್ಲಿ ನಿಧಾನಕ್ಕೆ ಪೂರ್ತಿ ತಿರುಗುವುದೇ ಆಟ.

ಈಗ ಲೆಕ್ಕ. ಅವಳ ಸೈಕಲ್ಲಿನಲ್ಲಿ ಎರಡೂ ಪೆಡಲಿನ ದಂಡ ಸೇರುವ ನಡುಬಿಂದುವಿನಿಂದ ಮುಂದಿನ ಚಕ್ರದ ನಡುಬಿಂದುವಿಗೆ 575 ಮಿ.ಮೀ. ಪೆಡಲಿನ ದಂಡ 165. ಪೆಡಲಿನ ನಡುವಿನಿಂದ ಶೂ ತುದಿಗೆ 95. ಚಕ್ರದ ತ್ರಿಜ್ಯ, ಟಯರೂ ಸೇರಿ, 343. ಕಡೆಯ ಮೂರನ್ನು ಕೂಡಿ: 603. ಇರುವ ಜಾಗ 575. ಸುಮಾರು 28 ಮಿ.ಮೀ. ಜಾಗವೇ ಸಾಲದು! ಉದ್ದ ಕಾಲಿನವರು ದೊಡ್ಡ ಚೌಕಟ್ಟಿನ ಸೈಕಲ್ ಇಟ್ಟುಕೊಳ್ಳುತ್ತಾರೆ, ಅದರಲ್ಲಿ ಜಾಗ ಜಾಸ್ತಿ. ಗಿಡ್ಡ ಮಗುವಿಗೆ ಚೌಕಟ್ಟು ಚಿಕ್ಕದು ಮಾಡುತ್ತಾರೆ, ಚಕ್ರ ಮಾತ್ರ ದೊಡ್ಡವರದ್ದೇ ಹಾಕುತ್ತಾರೆ.

ಅಜ್ಜಂದಿರು ಇಲ್ಲಿ ಕೇಳಬಹುದು: ನಮ್ಮ ಕಾಲದ ಕರಿ ಸೈಕಲ್ಲಿನ ಚಕ್ರ ಇದಕ್ಕಿಂತ ದೊಡ್ಡದಿತ್ತಲ್ಲ, ನಮಗೆ ಯಾವತ್ತೂ ಬೆರಳು ತಗಲಲಿಲ್ಲವಲ್ಲ? ನಿಜ. ಆ 28 ಇಂಚಿನ ಚಕ್ರದ ರಿಮ್ಮು 635 ಮಿ.ಮೀ., ಇವಳದ್ದು 622. ಆದರೆ ಕರಿ ಸೈಕಲ್ಲಿನ ಮುಂದಿನ ಫೋರ್ಕು ಚೆನ್ನಾಗಿ ಮುಂದಕ್ಕೆ ಚಾಚಿರುತ್ತದೆ, ಸೈಕಲ್ಲೇ ಉದ್ದ. ಹಿಂದೆ ಅಕ್ಕಿ ಮೂಟೆ, ಮುಂದಿನ ಬಾರಿನ ಮೇಲೆ ಮಗು ಕೂತರೂ ನೆಟ್ಟಗೆ ಹೋಗಲಿ ಅಂತ ಮಾಡಿದ್ದು. ತಿರುಗಿಸಬೇಕಾದರೆ ಎತ್ತಿನ ಗಾಡಿಯ ಹಾಗೆ ಅಗಲ ಬೇಕು. ಪೋಲೋಗೆ ಬೇಕಾದದ್ದು ಗಿಡ್ಡ ಸೈಕಲ್, ಬುಗುರಿಯ ಹಾಗೆ ನಿಂತಲ್ಲೇ ತಿರುಗುವಂಥದ್ದು. ಸೈಕಲ್ ಗಿಡ್ಡವಾಗಬೇಕು, ಬೆರಳೂ ತಗಲಬಾರದು ಅಂದರೆ ಚಕ್ರ ಚಿಕ್ಕದಾಗಲೇಬೇಕು. ಚಿಕ್ಕ ಚಕ್ರದ ದೊಡ್ಡ ಲಾಭ ಇದು ಅಂತ ನನ್ನ ಎಣಿಕೆ. ತೂಕ ಕಡಿಮೆ, ಕಡ್ಡಿಗಳು ಗಿಡ್ಡವಾದ್ದರಿಂದ ಕೋಲಿನ ಪೆಟ್ಟಿಗೆ ಬೇಗ ಬೆಂಡಾಗುವುದಿಲ್ಲ, ಇವೆಲ್ಲ ಆಮೇಲಿನ ಮಾತು.

ಮೊಮ್ಮಗಳ ಹತ್ತಿರ ಹುಟ್ಟುಹಬ್ಬದ ದುಡ್ಡಿತ್ತು. ಅದರಲ್ಲಿ ಒಂದೇ ಕೆಲಸ ಆಗುತ್ತದೆ: ಇರುವ ಸೈಕಲ್ಲಿಗೆ ಗಟ್ಟಿಯಾದ ಹೊಸ 700ರ ಚಕ್ರಗಳು, ಇಲ್ಲವೇ ಪಕ್ಕದ ಬೀದಿಯಲ್ಲಿ ಮಾರಾಟಕ್ಕಿದ್ದ 26 ಇಂಚಿನ ಹಳೆಯ ಬೆಟ್ಟದ ಸೈಕಲ್.

ಈ ಹೆಸರುಗಳೇ ಒಂದು ಗೋಜಲು. 700 ಅನ್ನುವುದು ಫ್ರಾನ್ಸಿನವರ ಲೆಕ್ಕ, ಟಯರೂ ಸೇರಿ ಸುಮಾರು 700 ಮಿ.ಮೀ. ಅಂತ. ಈಗಿನ ತೆಳು ಟಯರು ಹಾಕಿದರೆ ಅಷ್ಟೂ ಇರುವುದಿಲ್ಲ. 29 ಇಂಚು ಅಂತ ಅಂಗಡಿಯಲ್ಲಿ ಮಾರುವುದಕ್ಕೂ ಅದೇ 622ರ ರಿಮ್ಮು, ಟಯರು ಮಾತ್ರ ದಪ್ಪ. 26 ಇಂಚಿನದಂತೂ ಕೇಳಬೇಡಿ: ಬೆಟ್ಟದ ಸೈಕಲ್ಲಿನದು 559, ಬೇರೆ ಸೈಕಲ್ಲುಗಳಲ್ಲಿ 584 ಮತ್ತು 590 ಕೂಡ 26 ಇಂಚೇ! ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. ಇನ್ನು ನಮ್ಮ ತಾತಂದಿರು "ನನ್ನದು 22 ಇಂಚಿನ ಸೈಕಲ್" ಅಂದರೆ ಅದು ಚೌಕಟ್ಟಿನ ಎತ್ತರ, ಮೊಮ್ಮಗ "ನನ್ನದು 20 ಇಂಚು" ಅಂದರೆ ಅದು ಚಕ್ರ. ಇಬ್ಬರೂ ಜಗಳ ಆಡಬೇಡಿ. ಅದಕ್ಕೇ ನಾನು ಹೇಳಿದ್ದು, ಟಯರಿನ ಪಕ್ಕದ ಮಿಲಿಮೀಟರ್ ನೋಡಿ ಅಂತ.

ಅಳಿಯ ದೊಡ್ಡ ಚಕ್ರದ ಪಕ್ಷ. "ಅತ್ತೆ, ದೊಡ್ಡ ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತಲ್ವಾ? ಇವಳು ಹಿಂದೆ ಬೀಳ್ತಾಳೆ" ಅಂದರು. ಮಾತು ನಿಜ, ಆದರೆ ಅರ್ಧ. 32 ಮಿ.ಮೀ. ಟಯರಿನ 700ರ ಚಕ್ರ ಒಂದು ಸುತ್ತಿಗೆ ಸುಮಾರು 2.15 ಮೀಟರ್ ಹೋಗುತ್ತದೆ. 38 ಮಿ.ಮೀ. ಟಯರಿನ 26ರ ಚಕ್ರ 1.99 ಮೀಟರ್. ಪೆಡಲಿನ ಹತ್ತಿರ 34 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಒಂದು ಪೆಡಲಿಗೆ ದೊಡ್ಡದು 4.07 ಮೀಟರ್, ಚಿಕ್ಕದು 3.77. ವ್ಯತ್ಯಾಸ 30 ಸೆಂ.ಮೀ., ನಿಮ್ಮ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿ ಎರಡು ಇಟ್ಟಷ್ಟು. ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆದು 17 ಹಲ್ಲಿನದು ಹಾಕಿ, ಚಿಕ್ಕ ಚಕ್ರವೂ 3.99 ಮೀಟರ್ ಹೋಗುತ್ತದೆ. ಒಂದು ಹಲ್ಲಿನಲ್ಲಿ ಮುಗಿಯುವ ಜಗಳ.

"ಹಾಗಾದ್ರೆ ಈ ಸೈಕಲ್ಲಿಗೇ 26ರ ಚಕ್ರ ಹಾಕಿಸಿಬಿಡೋಣ" ಅಂತ ಇನ್ನೊಂದು ಸೂಚನೆ ಬಂತು. ಆಗುವುದಿಲ್ಲ. ಇವಳದ್ದು ರಿಮ್ಮನ್ನು ಹಿಡಿಯುವ ಬ್ರೇಕು, ಹೊಸ ರಿಮ್ಮು ಅದಕ್ಕಿಂತ 31 ಮಿ.ಮೀ.ನಷ್ಟು ಕೆಳಗೆ ಕೂರುತ್ತದೆ. ಬ್ರೇಕಿನ ರಬ್ಬರು ಗಾಳಿಯನ್ನು ಹಿಡಿಯಬೇಕು. ಜೊತೆಗೆ ಇಡೀ ಸೈಕಲ್ 25 ಮಿ.ಮೀ. ಕೆಳಗಿಳಿದು, ವಾಲಿದಾಗ ಪೆಡಲೇ ನೆಲಕ್ಕೆ ಉಜ್ಜುತ್ತದೆ. ಚಕ್ರ ಮತ್ತು ಚೌಕಟ್ಟು ಒಂದಕ್ಕೊಂದು ಹೊಂದಿಯೇ ಹುಟ್ಟಿರಬೇಕು.

ದೊಡ್ಡ ಚಕ್ರದ ಒಳ್ಳೆಯ ಗುಣಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಅಂಗಳದ ಬಿರುಕಿನ ಮೇಲೆ ಅದು ಸಲೀಸಾಗಿ ಉರುಳುತ್ತದೆ. ಗೋಲಿನ ಮುಂದೆ ಅಡ್ಡ ನಿಲ್ಲಿಸಿದರೆ ಹೆಚ್ಚು ಜಾಗ ಮುಚ್ಚುತ್ತದೆ. ಒಳ್ಳೆಯ ಟಯರು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಆದರೆ ಬೆಟ್ಟದ ಸೈಕಲ್ಲುಗಳು 27.5 ಮತ್ತು 29ಕ್ಕೆ ಹೋದ ಮೇಲೆ 26ರ ಒಳ್ಳೆಯ ಟಯರು ಹುಡುಕಬೇಕು. ಎತ್ತರದ ಆಟಗಾರರು 700ರಲ್ಲೇ ಸೊಗಸಾಗಿ ಆಡುತ್ತಾರೆ. ಅವಳ ತಂಡದ ಉದ್ದನೆಯ ಹುಡುಗ ಕೇಳಿದ್ದರೆ ನಾನೂ 700 ಅನ್ನುತ್ತಿದ್ದೆ. ಹಾಗಾದರೆ ಇನ್ನೂ ಚಿಕ್ಕ 20 ಇಂಚು? ಅದು ಬೇಡ. ಕೈ ನಡುಗಿದರೂ ಹ್ಯಾಂಡಲು ಕುಣಿಯುತ್ತದೆ, ಒಂದು ಕೈಯಲ್ಲಿ ಕೋಲು ಹಿಡಿದವರಿಗೆ ಅದು ಕಷ್ಟ.

ಕೊಳ್ಳುವ ಮೊದಲು ಆ ಹಳೆಯ ಸೈಕಲ್ಲನ್ನೂ ಅಳೆಸಿದೆ. ನಡುಬಿಂದುಗಳ ಅಂತರ 605, ಪೆಡಲಿನ ದಂಡ 170, ಶೂ 95, ಮಣ್ಣು ಹಿಡಿಯುವ ದಪ್ಪ ಟಯರು ತೆಗೆದು ನುಣುಪಾದ 38ರದ್ದು ಹಾಕಿದರೆ ತ್ರಿಜ್ಯ 318. ಕೂಡಿದರೆ 583. ಅಂದರೆ 22 ಮಿ.ಮೀ. ಖಾಲಿ ಜಾಗ. ಶೂ ಒಳಗೆ ದಪ್ಪ ಕಾಲುಚೀಲ ಹಾಕಿಕೊಂಡರೂ ತಗಲುವುದಿಲ್ಲ.

ತಂದರು. ಟಯರು, ಫ್ರೀವೀಲ್ ಬದಲಾದವು. ಕಡ್ಡಿಗಳ ನಡುವೆ ಚೆಂಡೂ ಕೋಲೂ ಹೋಗದಂತೆ ಪ್ಲಾಸ್ಟಿಕ್ ಹಾಳೆಯನ್ನು ದುಂಡಗೆ ಕತ್ತರಿಸಿ ಚಕ್ರಕ್ಕೆ ಕಟ್ಟಿದ್ದಾಳೆ. ಹೋದ ಭಾನುವಾರದ ಆಟದಲ್ಲಿ ಕಾಲು ನೆಲಕ್ಕೆ ತಗಲಿದ್ದು ಒಂದೇ ಸಲ, ಅದೂ ಇನ್ನೊಬ್ಬ ಬಂದು ಡಿಕ್ಕಿ ಹೊಡೆದದ್ದಕ್ಕೆ. ಗೋಲಿನ ಮುಂದೆ ನಿಲ್ಲಲು ಬೇರೆ ಯಾರನ್ನೋ ಹುಡುಕುತ್ತಿದ್ದಾರಂತೆ. ಆಟ ಬಿಡುವ ಮಾತು ಆಮೇಲೆ ಎತ್ತಿಲ್ಲ. ನಾನೂ ಕೇಳಿಲ್ಲ.

ಈಗ ನಿಮ್ಮ ಚೀಟಿ ತೆಗೆಯಿರಿ. ಎರಡನೇ ಅಂಕಿಗೆ ಮೊದಲನೇ ಅಂಕಿಯನ್ನು ಎರಡು ಸಲ ಕೂಡಿದರೆ ಚಕ್ರದ ಪೂರ್ತಿ ವ್ಯಾಸ. ಅದನ್ನು 3.14ರಿಂದ ಗುಣಿಸಿ. ಆಮೇಲೆ ಟಯರು ನೆಲಕ್ಕೆ ತಾಗಿರುವ ಕಡೆ, ಟಯರಿನ ಮೇಲೂ ನೆಲದ ಮೇಲೂ ಸೀಮೆಸುಣ್ಣದ ಗುರುತು ಹಾಕಿ, ಒಂದು ಪೂರ್ತಿ ಸುತ್ತು ಉರುಳಿಸಿ ಅಳೆಯಿರಿ. ಮೊದಲು ಖಾಲಿ ಸೈಕಲ್, ಆಮೇಲೆ ನೀವು ಹತ್ತಿ ಕೂತು, ಅಜ್ಜನೋ ಅಪ್ಪನೋ ತಳ್ಳಲಿ. ಮೂರು ಉತ್ತರಗಳೂ ಒಂದೇ ಬಂದವೇ? ಬರದಿದ್ದರೆ ಯಾವುದು ಕಡಿಮೆ, ಏಕೆ? ಬರೆದು ಕಳಿಸಿ.