ಕಾಯಕ ನಡೆದ ನೆಲ, ಕರ ಸಲ್ಲಬೇಕಾದ ನೆಲ



ಒಂದು ಕಾಲಕ್ಕೆ ಪರದೇಶದ ಸಂಪಾದನೆಯೆಂದರೆ ಮಕ್ಕಳನ್ನು ವಿಮಾನ ಹತ್ತಿಸಿ, ಬಳಿಕ ಅವರ ಕಾಗದಕ್ಕಾಗಿ ಕಾದು ಕುಳಿತುಕೊಳ್ಳುವುದೆಂದೇ ಅರ್ಥವಾಗಿತ್ತು. 2020ರ ಕೊರೋನಾ ಪಿಡುಗಿನ ತರುವಾಯ ಆ ಅರ್ಥ ಬಹಳಷ್ಟು ಬದಲಾಗಿದೆ. ಇಂದು ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಂತಹ ಊರುಗಳಲ್ಲಿಯೂ ಮಹಡಿಯ ಮೇಲಿನ ಒಂದು ಕೋಣೆಯೇ ಅಮೆರಿಕದ ಅಥವಾ ಇಂಗ್ಲೆಂಡಿನ ಸಂಸ್ಥೆಯ ಕಾರ್ಯಸ್ಥಾನವಾಗಿರುವುದನ್ನು ನಾವು ಕಾಣುತ್ತಿದ್ದೇವೆ. ಮಗನಾಗಲಿ, ಸೊಸೆಯಾಗಲಿ ಮನೆಯಲ್ಲಿಯೇ ಇದ್ದು, ಲಿಂಗಪೂಜೆ ಮುಗಿಸಿ, ಎಲ್ಲರೊಡನೆ ಪ್ರಸಾದ ಸ್ವೀಕರಿಸಿ, ಗಣಕಯಂತ್ರದ ಮುಂದೆ ಕುಳಿತು ಪರದೇಶದ ಕೆಲಸವನ್ನು ಪೂರೈಸುತ್ತಾರೆ. ಹೆತ್ತವರ ಇಳಿವಯಸ್ಸಿನಲ್ಲಿ ಮಕ್ಕಳು ಬಳಿಯಲ್ಲಿರುವುದು ದೊಡ್ಡ ಭಾಗ್ಯವೇ ಸರಿ.

ಆದರೆ ಈ ಭಾಗ್ಯದ ಬೆನ್ನಿಗೇ ಕೆಲವು ತಪ್ಪು ತಿಳಿವಳಿಕೆಗಳೂ ನಮ್ಮ ಮನೆಗಳನ್ನು ಹೊಕ್ಕಿವೆ. ಹಣವು ಹೊರದೇಶದ್ದಾದುದರಿಂದ ನಮ್ಮ ಸರ್ಕಾರಕ್ಕೆ ತೆರಿಗೆ ಕೊಡಬೇಕಾಗಿಲ್ಲ ಎಂಬುದು ಮೊದಲನೆಯದು. ಹಣವನ್ನು ಅಲ್ಲಿಯ ಬ್ಯಾಂಕಿನಲ್ಲಿಯೇ ಬಿಟ್ಟರೆ ಲೆಕ್ಕಕ್ಕೆ ಬಾರದು ಎಂಬುದು ಎರಡನೆಯದು. ಕಂಪನಿಯವರೇ ತೆರಿಗೆ ಹಿಡಿದುಕೊಂಡು ಉಳಿದುದನ್ನು ಕಳುಹಿಸುತ್ತಾರೆ ಎಂಬುದು ಮೂರನೆಯದು. ಮೊದಲಿನ ಎರಡು ಪೂರ್ಣ ತಪ್ಪು; ಮೂರನೆಯದು ಬಹುತೇಕ ಸಂದರ್ಭಗಳಲ್ಲಿ ತಪ್ಪು. ಇವುಗಳನ್ನು ನಂಬಿ ಬಂದ ಹಣವನ್ನೆಲ್ಲ ಮನೆಯ ಕಟ್ಟಡಕ್ಕೂ ಮದುವೆಗೂ ವೆಚ್ಚ ಮಾಡಿದ ಮೇಲೆ, ಎರಡು ಮೂರು ವರ್ಷಗಳ ತೆರಿಗೆ ಬಡ್ಡಿ ದಂಡಗಳೊಡನೆ ಒಟ್ಟಿಗೆ ಬಂದರೆ ಆ ಸಂಸಾರದ ಗತಿಯೇನು? ಆದುದರಿಂದ ಈ ಸಂಚಿಕೆಯಲ್ಲಿ ಇದೇ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮೂಲ ನಿಯಮ ಬಹು ಸರಳವಾದುದು. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಭಾರತದಲ್ಲಿ ಇದ್ದವರು ತೆರಿಗೆಯ ದೃಷ್ಟಿಯಲ್ಲಿ ನಿವಾಸಿಗಳು. ಊರು ಬಿಡದೆ ಇಲ್ಲಿಯೇ ಬಾಳುವವರು ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ಸಂಬಳದ ವಿಷಯದಲ್ಲಂತೂ ಕಾಯಿದೆ ಇನ್ನೂ ಸ್ಪಷ್ಟವಾಗಿದೆ. ಭಾರತದ ನೆಲದ ಮೇಲೆ ಕುಳಿತು ಮಾಡಿದ ಕೆಲಸದ ಸಂಬಳವು ಭಾರತದಲ್ಲಿಯೇ ಹುಟ್ಟಿದ ಆದಾಯ. ಸಂಬಳ ಕೊಡುವವರು ನ್ಯೂಯಾರ್ಕಿನಲ್ಲಿರಲಿ, ಹಣ ಲಂಡನ್ನಿನ ಖಾತೆಯಲ್ಲಿರಲಿ, ಈ ಮಾತು ಬದಲಾಗದು. 1961ರ ಆದಾಯ ತೆರಿಗೆ ಕಾಯಿದೆಯ ಸ್ಥಾನಕ್ಕೆ 2025ರ ಹೊಸ ಕಾಯಿದೆ ಬಂದಿದ್ದು, ಅದರ ಜಾರಿಯ ದಿನ 2026ರ ಏಪ್ರಿಲ್ 1. ಕಲಮುಗಳ ಸಂಖ್ಯೆಗಳು ಬದಲಾದರೂ ಈ ತತ್ವ ಬದಲಾಗಿಲ್ಲ. ಕಾಯಕ ಎಲ್ಲಿ ನಡೆಯಿತೋ ಆ ನೆಲಕ್ಕೆ ಕರ ಸಲ್ಲಬೇಕು ಎಂಬುದೇ ಇದರ ಸಾರ.

ಹಾಗಾದರೆ ಎರಡೂ ದೇಶಗಳಿಗೆ ತೆರಿಗೆ ಕೊಡಬೇಕೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕಾಗಿಯೇ ದೇಶದೇಶಗಳ ನಡುವೆ ಒಪ್ಪಂದಗಳಿವೆ. ಭಾರತ ಮತ್ತು ಅಮೆರಿಕಗಳ ನಡುವೆ 1989ರಲ್ಲಿ ಆದ ಒಪ್ಪಂದದ ಪ್ರಕಾರ, ಭಾರತದ ನಿವಾಸಿಯು ಭಾರತದಲ್ಲಿಯೇ ಇದ್ದು ದುಡಿದ ಸಂಬಳದ ಮೇಲೆ ತೆರಿಗೆ ವಿಧಿಸುವ ಅಧಿಕಾರ ಭಾರತಕ್ಕೆ ಮಾತ್ರ ಉಂಟು. ಅಮೆರಿಕದ ಸಂಸ್ಥೆಗಳು ತಮಗೆ ಸ್ವತಂತ್ರವಾಗಿ ಕೆಲಸ ಮಾಡಿಕೊಡುವ ಪರದೇಶೀಯರಿಂದ ಡಬ್ಲ್ಯೂ-8ಬಿಇಎನ್ ಎಂಬ ನಮೂನೆಯನ್ನು ಬರೆಯಿಸಿಕೊಳ್ಳುವುದುಂಟು. ತಾನು ಆ ದೇಶದವನಲ್ಲ ಎಂಬ ಘೋಷಣೆಯದು. ಅದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಇಲ್ಲಿಯ ತೆರಿಗೆ ತಪ್ಪಿತೆಂದು ಭಾವಿಸಬಾರದು. ಒಂದು ವೇಳೆ ಪರದೇಶದಲ್ಲಿ ನ್ಯಾಯವಾಗಿಯೇ ತೆರಿಗೆ ಕಡಿತವಾಗಿದ್ದರೆ, ದಾಖಲೆಗಳೊಡನೆ ನಿಗದಿತ ನಮೂನೆಯನ್ನು ಸಲ್ಲಿಸಿ ಅದನ್ನು ಇಲ್ಲಿಯ ತೆರಿಗೆಯಲ್ಲಿ ನಿಯಮಾನುಸಾರ ವಜಾ ಮಾಡಿಕೊಳ್ಳಲು ಅವಕಾಶವಿದೆ.

ಇನ್ನು ಮನೆಯವರು ಮೊದಲು ಕೇಳಿ ತಿಳಿಯಬೇಕಾದ ಸಂಗತಿಯೆಂದರೆ, ಸಂಬಳವನ್ನು ನಿಜವಾಗಿ ಕೊಡುವವರು ಯಾರು ಎಂಬುದು. ಇದರಲ್ಲಿ ಮೂರು ಬಗೆಗಳಿವೆ. ಕೆಲವು ಪರದೇಶೀ ಸಂಸ್ಥೆಗಳು ಭಾರತದಲ್ಲಿರುವ ಮತ್ತೊಂದು ಕಂಪನಿಯ ಮೂಲಕ ನೇಮಕ ಮಾಡಿಕೊಳ್ಳುತ್ತವೆ. ಆಗ ಇಲ್ಲಿಯ ಕಂಪನಿಯೇ ಮೂಲದಲ್ಲಿ ತೆರಿಗೆ ಕಡಿತ ಮಾಡಿ ಪ್ರಮಾಣಪತ್ರ ಕೊಡುತ್ತದೆ; ಚಿಂತೆ ಕಡಿಮೆ. ಎರಡನೆಯದು, ಪರದೇಶದ ಸಂಸ್ಥೆಯೇ ನೇರವಾಗಿ ನೌಕರರೆಂದು ನೇಮಿಸಿಕೊಂಡು ಸಂಬಳ ಕಳುಹಿಸುವುದು. ಮೂರನೆಯದು, ನೌಕರಿಯಲ್ಲದ ಗುತ್ತಿಗೆಯ ಕೆಲಸ. ಈ ಕೊನೆಯ ಎರಡು ಬಗೆಗಳಲ್ಲಿ, ಇಲ್ಲಿ ಕಚೇರಿಯೇ ಇಲ್ಲದ ಆ ಸಂಸ್ಥೆಗಳು ಸಾಮಾನ್ಯವಾಗಿ ನಮ್ಮ ಸರ್ಕಾರದ ತೆರಿಗೆಯನ್ನು ಕಡಿತ ಮಾಡುವುದಿಲ್ಲ. ಕೈಗೆ ಬರುವುದು ಇಡಿಯ ಮೊತ್ತ. ಮೋಸ ಹೋಗುವುದೂ ಇಲ್ಲಿಯೇ. ಆ ಇಡಿಯ ಮೊತ್ತ ನಮ್ಮದಲ್ಲ. ಅದರೊಳಗೆ ಸರ್ಕಾರದ ಪಾಲೂ ಸೇರಿಕೊಂಡು ಬಂದಿರುತ್ತದೆ.

ಆ ಪಾಲನ್ನು ವರ್ಷದ ಕೊನೆಯವರೆಗೆ ಇಟ್ಟುಕೊಳ್ಳುವಂತೆಯೂ ಇಲ್ಲ. ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚು ಆಗುವುದಾದರೆ ಮುಂಗಡ ತೆರಿಗೆ ಕಟ್ಟಬೇಕು. ಜೂನ್ 15ರೊಳಗೆ ಶೇಕಡಾ 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇಕಡಾ 45, ಡಿಸೆಂಬರ್ 15ರೊಳಗೆ ಒಟ್ಟು ಶೇಕಡಾ 75, ಮಾರ್ಚ್ 15ರೊಳಗೆ ಪೂರ್ತಿ ಸಲ್ಲಬೇಕು.

ಒಂದು ಲೆಕ್ಕದಿಂದ ಇದನ್ನು ತಿಳಿಯೋಣ. 2025-26ನೆಯ ಸಾಲಿನಲ್ಲಿ ಒಬ್ಬ ತರುಣಿಗೆ ಪರದೇಶದ ಸಂಸ್ಥೆಯಿಂದ ನೇರವಾಗಿ ಬಂದ ವಾರ್ಷಿಕ ಸಂಬಳ 20,75,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹೊಸ ಪದ್ಧತಿಯಲ್ಲಿ 75,000 ರೂಪಾಯಿಗಳ ಪ್ರಮಾಣಿತ ಕಡಿತ ಕಳೆದರೆ ಉಳಿಯುವುದು 20 ಲಕ್ಷ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅನಂತರದ ನಾಲ್ಕು ನಾಲ್ಕು ಲಕ್ಷಗಳಿಗೆ ಕ್ರಮವಾಗಿ ಶೇಕಡಾ 5, 10, 15, 20ರಂತೆ ಒಟ್ಟು 2,00,000 ರೂಪಾಯಿ. ಶೇಕಡಾ 4ರ ಉಪಕರ ಸೇರಿ 2,08,000 ರೂಪಾಯಿ. ಜೂನಿನಲ್ಲಿ 31,200, ಸೆಪ್ಟೆಂಬರಿನಲ್ಲಿ 62,400, ಡಿಸೆಂಬರಿನಲ್ಲಿ 62,400, ಮಾರ್ಚಿನಲ್ಲಿ 52,000 ಕಟ್ಟಿದರೆ ಋಣ ತೀರಿತು. ಪ್ರತಿ ತಿಂಗಳೂ ಸುಮಾರು 17,400 ರೂಪಾಯಿಗಳನ್ನು ಬೇರೆ ಖಾತೆಯಲ್ಲಿ ತೆಗೆದಿರಿಸಿದರೆ ಭಾರವೇ ತೋರದು. ಇದಾವುದನ್ನೂ ಮಾಡದೆ ಮರುವರ್ಷದ ಜುಲೈನಲ್ಲಿ ಒಮ್ಮೆಗೇ ಕಟ್ಟಹೊರಟರೆ ತಿಂಗಳಿಗೆ ಶೇಕಡಾ 1ರಂತೆ ಎರಡು ಬಗೆಯ ಬಡ್ಡಿ ಕೂಡಿ 18,824 ರೂಪಾಯಿ ಹೆಚ್ಚಿಗೆ ತೆರಬೇಕಾಗುತ್ತದೆ. ಆದಾಯವನ್ನು ಕಡಿಮೆ ತೋರಿಸಿದರೆ ತಪ್ಪಿಸಿದ ತೆರಿಗೆಯ ಶೇಕಡಾ 50ರಷ್ಟು, ಬೇಕೆಂದೇ ಸುಳ್ಳು ಹೇಳಿದರೆ ಶೇಕಡಾ 200ರಷ್ಟು ದಂಡಕ್ಕೂ ಕಾಯಿದೆಯಲ್ಲಿ ಅವಕಾಶವಿದೆ.

ಅದೇ ಸಾಲಿನಲ್ಲಿ ಹೊಸ ಪದ್ಧತಿಯನ್ನು ಅನುಸರಿಸುವ ನೌಕರರಿಗೆ 12,75,000 ರೂಪಾಯಿ ಸಂಬಳದವರೆಗೆ ರಿಯಾಯಿತಿಯಿಂದಾಗಿ ತೆರಿಗೆ ಬೀಳದು. ಆದರೂ ಆದಾಯವು ಮೂಲ ವಿನಾಯಿತಿಯ ಮಿತಿಯನ್ನು ಮೀರಿದವರು ರಿಟರ್ನು ಸಲ್ಲಿಸಲೇಬೇಕು. ತೆರಿಗೆ ಇಲ್ಲದಿರುವುದು ಬೇರೆ, ಲೆಕ್ಕ ಕೊಡದಿರುವುದು ಬೇರೆ.

ಗುತ್ತಿಗೆಯ ಕೆಲಸ ಮಾಡುವವರ ದಾರಿ ತುಸು ಭಿನ್ನ. ಅವರ ಗಳಿಕೆ ಸಂಬಳವಲ್ಲ, ವೃತ್ತಿಯ ಆದಾಯ. ಎಂಜಿನಿಯರಿಂಗ್, ತಾಂತ್ರಿಕ ಸಲಹೆ, ಲೆಕ್ಕಪತ್ರ ಮುಂತಾದ ಗೊತ್ತುಪಡಿಸಿದ ವೃತ್ತಿಗಳವರು ವಾರ್ಷಿಕ ವಸೂಲಿ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ತೋರಿಸುವ ಸುಲಭ ಮಾರ್ಗವುಂಟು. ನಗದು ವಸೂಲಿ ಶೇಕಡಾ 5ನ್ನು ಮೀರದಿದ್ದರೆ ಈ ಮಿತಿ 75 ಲಕ್ಷ. ಈ ಮಾರ್ಗ ಹಿಡಿದವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಆದರೆ ಹೆಸರಿಗೆ ಗುತ್ತಿಗೆ, ನಡೆವಳಿಕೆಯಲ್ಲಿ ನೌಕರಿ ಎಂಬಂತಿದ್ದರೆ ಈ ಸೌಲಭ್ಯವನ್ನು ಇಲಾಖೆ ಪ್ರಶ್ನಿಸಬಹುದು. ಗುತ್ತಿಗೆಯವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು. ಸೇವೆಯ ರಫ್ತಿನ ಷರತ್ತುಗಳು ಪೂರೈಸಿದರೆ ತೆರಿಗೆಯ ದರ ಶೂನ್ಯ. ಆದರೆ ನೋಂದಣಿ ತಪ್ಪದು. ನೌಕರರು ಮಾಲೀಕರಿಗೆ ಮಾಡುವ ಕೆಲಸಕ್ಕೆ ಜಿಎಸ್‌ಟಿ ಅನ್ವಯಿಸುವುದೇ ಇಲ್ಲ.

ಪರದೇಶದ ಖಾತೆಗಳ ಮತ್ತು ಷೇರುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಸಂಸ್ಥೆಗಳು ಸಂಬಳದೊಡನೆ ತಮ್ಮ ಷೇರುಗಳನ್ನೂ ಕೊಡುವುದುಂಟು. ಅವು ಕೈಸೇರಿದಾಗ ಅವುಗಳ ಬೆಲೆಯೂ ಸಂಬಳದ ಭಾಗವಾಗುತ್ತದೆ. ಮುಂದೆ ಮಾರಿದಾಗ ಬಂದ ಲಾಭಕ್ಕೆ ಬೇರೆ ತೆರಿಗೆ. ಅಂತೆಯೇ ಇಲ್ಲಿಯ ಸಾಮಾನ್ಯ ನಿವಾಸಿಗಳು ಪರದೇಶದಲ್ಲಿರುವ ಖಾತೆ, ಷೇರು, ಆಸ್ತಿಗಳನ್ನು ರಿಟರ್ನಿನ ಪ್ರತ್ಯೇಕ ಪಟ್ಟಿಯಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸ್ಥಿರಾಸ್ತಿಯನ್ನು ಬಿಟ್ಟು ಉಳಿದವುಗಳ ಒಟ್ಟು ಬೆಲೆ 20 ಲಕ್ಷದೊಳಗಿದ್ದರೆ 2024ರ ಅಕ್ಟೋಬರ್ 1ರಿಂದ ಈ ದಂಡದಿಂದ ವಿನಾಯಿತಿ ದೊರೆತಿದೆ, ತೋರಿಸುವ ಹೊಣೆಯಿಂದಲ್ಲ. ಅಲ್ಲಿಯ ಖಾತೆ ಇಲ್ಲಿಯವರಿಗೆ ತಿಳಿಯದೆಂಬ ಭ್ರಮೆ ಬೇಡ. ಖಾತೆಗಳ ಮಾಹಿತಿಯನ್ನು ಕೊಟ್ಟು ತೆಗೆದುಕೊಳ್ಳುವ ಒಪ್ಪಂದಕ್ಕೆ ಭಾರತವೂ ಅಮೆರಿಕವೂ 2015ರಲ್ಲಿಯೇ ಸಹಿ ಮಾಡಿವೆ.

ಹಲವು ವರ್ಷ ಹೊರಗಿದ್ದು ಹಳೆಯ ನೌಕರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಊರಿಗೆ ಮರಳಿದವರಿಗೂ ಒಂದು ಮಾತು. ಅವರ ಪರದೇಶದ ಬಡ್ಡಿ, ಬಾಡಿಗೆಗಳಿಗೆ ಕೆಲವು ಕಾಲ ಇಲ್ಲಿ ವಿನಾಯಿತಿ ಸಿಗಬಹುದು. ಆದರೆ ಇಲ್ಲಿಗೆ ಬಂದು ಕುಳಿತು ಮಾಡಿದ ಕೆಲಸದ ಸಂಬಳಕ್ಕೆ ಆ ವಿನಾಯಿತಿ ಇಲ್ಲ. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಉಳ್ಳವರು ಇಲ್ಲಿ ನೆಲೆಸಿದ್ದರೂ ಆ ದೇಶಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಜಾತ್ರೆಗೋ ಮದುವೆಗೋ ಬಂದು ನಾಲ್ಕಾರು ವಾರ ಇಲ್ಲಿಂದಲೇ ಕೆಲಸ ಮಾಡಿ ಹಿಂದಿರುಗುವ ಅನಿವಾಸಿಗಳಿಗೆ, ಸಂಬಳ ಕೊಡುವ ಸಂಸ್ಥೆಗೆ ಇಲ್ಲಿ ನೆಲೆಯಿಲ್ಲದಿದ್ದರೆ, ಒಪ್ಪಂದಗಳ ರಕ್ಷಣೆ ಸಾಮಾನ್ಯವಾಗಿ ಇರುತ್ತದೆ. ಆದರೂ ಬಂದುಹೋದ ದಿನಗಳ ಲೆಕ್ಕವನ್ನು ಬರೆದಿಡುವುದು ಲೇಸು.

ಹಿರಿಯರಲ್ಲಿಯೂ ಒಂದು ವಿನಂತಿ. ಮಗನ ಸಂಬಳವನ್ನು ತಂದೆಯ ಖಾತೆಗೆ ತರಿಸಿಕೊಂಡರೆ ತೆರಿಗೆ ಉಳಿಯುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಯಾರ ಖಾತೆಗೆ ಬಂದರೂ ದುಡಿದವನ ಆದಾಯ ದುಡಿದವನದೇ. ಮಗನು ತೆರಿಗೆ ಕೊಟ್ಟು ಉಳಿದ ಹಣವನ್ನು ಹೆತ್ತವರಿಗೆ ಪ್ರೀತಿಯಿಂದ ಕೊಟ್ಟರೆ ಅದು ಅವರ ಕೈಯಲ್ಲಿ ತೆರಿಗೆಗೆ ಒಳಪಡದು. ನೇರ ಮಾರ್ಗವೇ ಇಷ್ಟು ಸುಗಮವಾಗಿರುವಾಗ ವಕ್ರಮಾರ್ಗವೇಕೆ? ಇಂತಹ ನೌಕರಿಗಳಲ್ಲಿ ಭವಿಷ್ಯ ನಿಧಿ, ಉಪದಾನಗಳೂ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ತೆರಿಗೆಯ ಪಾಲಿನೊಡನೆ ವೃದ್ಧಾಪ್ಯದ ಪಾಲನ್ನೂ ಆರೋಗ್ಯ ವಿಮೆಯನ್ನೂ ತಾವೇ ಏರ್ಪಡಿಸಿಕೊಳ್ಳುವಂತೆ ಮಕ್ಕಳಿಗೆ ಹೇಳಬೇಕು.

ಕಡೆಯದಾಗಿ ದಾಸೋಹದ ಮಾತು. ಮಠಗಳಿಗೆ, ಪ್ರಸಾದ ನಿಲಯಗಳಿಗೆ ಉದಾರವಾಗಿ ನೀಡುವುದು ನಮ್ಮ ಮನೆಗಳ ಪರಂಪರೆ. ಮಾನ್ಯತೆ ಪಡೆದ ಸಂಸ್ಥೆಗಳಿಗೆ ನೀಡಿದ ದಾನಕ್ಕೆ ದೊರೆಯುವ ತೆರಿಗೆಯ ಕಡಿತ ಹಳೆಯ ಪದ್ಧತಿಯಲ್ಲಿ ಮಾತ್ರ ಉಂಟು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಅದೂ ಇಲ್ಲ. ಇದಕ್ಕಿಂತ ಹಿರಿದಾದ ವಿಚಾರವೊಂದಿದೆ. ಸರ್ಕಾರಕ್ಕೆ ಸಲ್ಲಬೇಕಾದುದನ್ನು ಉಳಿಸಿಕೊಂಡು ನೀಡಿದ ಕಾಣಿಕೆ ದಾಸೋಹವೆನಿಸೀತೇ? ಬಸವಣ್ಣನವರ ಅಂಗಳದಿಂದ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕಲ್ಯಾಣದ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ದೂರು ಬಂದಾಗ, ಲೆಕ್ಕ ನೋಡಿದರೆ ಭಂಡಾರದಲ್ಲಿ ಏನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ತಮ್ಮದಲ್ಲದುದನ್ನು ಮನೆಯಲ್ಲಿ ಇಟ್ಟುಕೊಳ್ಳದಿರುವುದು, ಯಾರು ಯಾವಾಗ ಕೇಳಿದರೂ ಲೆಕ್ಕ ಒಪ್ಪಿಸುವಂತಿರುವುದು, ಇವೆರಡೂ ಶರಣರ ಮನೆಯ ಗುಣಗಳು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ನೇಮಕದ ಒಪ್ಪಂದಪತ್ರ, ತಿಂಗಳ ಸಂಬಳದ ಚೀಟಿ, ಬ್ಯಾಂಕಿನಲ್ಲಿ ವಿದೇಶೀ ಹಣ ಜಮೆಯಾದ ದಾಖಲೆ, ಪರದೇಶದಲ್ಲಿ ತೆರಿಗೆ ಕಡಿತವಾಗಿದ್ದರೆ ಅದರ ಪ್ರಮಾಣಪತ್ರ, ಇವುಗಳನ್ನು ಒಂದು ಕಡತದಲ್ಲಿ ಇಡಿರಿ. ಜೂನ್ 15 ಬರುವ ಮುನ್ನವೇ ಒಬ್ಬ ಬಲ್ಲ ಲೆಕ್ಕಪರಿಶೋಧಕರಿಗೆ ಅದನ್ನು ತೋರಿಸಿರಿ. ಹಿಂದಿನ ವರ್ಷಗಳ ಬಾಕಿಯೇನಾದರೂ ಇದ್ದರೆ, ನೋಟೀಸು ಬರುವವರೆಗೆ ಕಾಯದೆ ತಾವಾಗಿಯೇ ಸರಿಪಡಿಸಿಕೊಳ್ಳಿರಿ. ತಡವಾದ ರಿಟರ್ನಿಗೆ ಹೆಚ್ಚುವರಿ ತೆರಿಗೆಯೊಡನೆ ಕಾಯಿದೆ ಅವಕಾಶ ಮಾಡಿಕೊಟ್ಟಿದೆ. ತಿಂಗಳ ಹಣ ಕೈಸೇರಿದ ದಿನವೇ ಸರ್ಕಾರದ ಪಾಲನ್ನು ಬೇರೆ ತೆಗೆದಿರಿಸಿರಿ. ಉಳಿದುದು ನಿಮ್ಮದು, ಅದರಿಂದ ಮನೆ ನಡೆಯಲಿ, ಅದರಿಂದಲೇ ದಾಸೋಹವೂ ನಡೆಯಲಿ.