ಶೆಟ್ಟಿಹಳ್ಳಿಯ ದೇವಾಲಯ ತೇಲುತ್ತಿಲ್ಲ



ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯಕ್ಕೆ ಪ್ರವಾಸಿಗರು ‘ತೇಲುವ ಚರ್ಚು’ ಎಂದು ಹೆಸರಿಟ್ಟಿದ್ದಾರೆ. ಈ ಹೆಸರು ಈಗ ನಮ್ಮ ಕುಟುಂಬಗಳ ಮಾತುಕತೆಯಲ್ಲಿಯೂ ಯುವಜನರ ಪ್ರವಾಸದ ಪ್ರಕಟಣೆಗಳಲ್ಲಿಯೂ ಧಾರಾಳವಾಗಿ ಬಳಕೆಯಾಗುತ್ತಿದೆ. ಇದಕ್ಕೆ ನನ್ನ ಆಕ್ಷೇಪವಿದೆ. ಆ ದೇವಾಲಯ ಎಂದೂ ತೇಲಿದ್ದಿಲ್ಲ. ಅದನ್ನು ಮುಳುಗಿಸಲಾಯಿತು. ಈ ಎರಡು ಮಾತುಗಳ ನಡುವೆ ಒಂದು ಇಡೀ ಊರು ಮರೆಯಾಗಿ ಹೋಗಿದೆ.

1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಅದನ್ನು ಕಟ್ಟಿದರು. ಬೆಂಗಳೂರಿನ ಶಿವಾಜಿನಗರದಲ್ಲಿ ಇಂದು ನಾವು ಕಾಣುವ ಸಂತ ಮರಿಯಮ್ಮನವರ ಬಸಿಲಿಕ ಪೂರ್ಣಗೊಂಡದ್ದು 1882ರಲ್ಲಿ. ಮೈಸೂರಿನ ಸಂತ ಫಿಲೋಮಿನ ದೇವಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1933ರಲ್ಲಿ. ಈ ಎರಡು ಪ್ರಸಿದ್ಧ ಗೋಥಿಕ್ ಕಟ್ಟಡಗಳಿಗಿಂತ ಶೆಟ್ಟಿಹಳ್ಳಿಯದು ಹಿರಿಯದು ಎಂಬುದನ್ನು ಗಮನಿಸಿರಿ. ರಾಜಧಾನಿಗೂ ದಂಡುಪ್ರದೇಶಕ್ಕೂ ಮುಂಚೆಯೇ, ಹೊಲಗದ್ದೆಗಳ ನಡುವಿನ ಒಂದು ಹಳ್ಳಿಯ ಒಕ್ಕಲುಮಕ್ಕಳಿಗೆ ಅಂತಹ ಎತ್ತರದ ದೇವಾಲಯ ಬೇಕೆಂದು ಯಾರೋ ಎಣಿಸಿದರು. ಬಡವರಿಗೆ ಹುಲ್ಲುಮಾಡು ಸಾಕೆಂದು ಅವರು ಭಾವಿಸಲಿಲ್ಲ.

1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯಿತು. ಊರವರು ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ಹೋದರು, ದೇವಾಲಯ ಅಲ್ಲಿಯೇ ಉಳಿಯಿತು. ಅಂದಿನಿಂದ ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಗೋಡೆಗಳು ನೀರೊಳಗೆ ನಿಲ್ಲುತ್ತವೆ, ಬೇಸಿಗೆಯಲ್ಲಿ ಹೊರಬರುತ್ತವೆ.

ಹಾಸನದ ಸಂಗತಿ ನಮಗೇಕೆ ಎಂದು ಶಿವಮೊಗ್ಗದ, ಭದ್ರಾವತಿಯ, ಹೊಳೆಹೊನ್ನೂರಿನ ಓದುಗರು ಕೇಳಬಹುದು. ನಿಮಗೇ ಹೆಚ್ಚು ಸಂಬಂಧಿಸಿದ್ದು! ಹೊಳೆಹೊನ್ನೂರಿನ ಗದ್ದೆ ತೋಟಗಳು ಹಸಿರಾಗಿರುವುದು ಭದ್ರೆಯ ನೀರಿನಿಂದ. ಆ ನೀರು ಲಕ್ಕವಳ್ಳಿಯಲ್ಲಿ ನಿಲ್ಲಬೇಕಾದರೆ ಕೆಲವರ ನೆಲ ಮುಳುಗಬೇಕಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಶರಾವತಿ ಕಣಿವೆಯಿಂದ ಎದ್ದು ಬಂದವರು ನಮ್ಮ ಜಿಲ್ಲೆಯಲ್ಲಿಯೇ ಬಿಡಾರ ಹೂಡಿ, ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ಮನೆಯ ದೀಪ ಅವರ ಕತ್ತಲೆಯಿಂದ ಹೊತ್ತಿದೆ. ಅಣೆಕಟ್ಟುಗಳೇ ಬೇಡವಾಗಿತ್ತು ಎಂಬುದು ನನ್ನ ವಾದವಲ್ಲ, ಆ ನೀರಿನ ಅನ್ನವನ್ನು ನಾನೂ ಉಂಡವನು. ಆದರೆ ಸೌಲಭ್ಯ ಪಡೆದವರು, ಬೆಲೆ ತೆತ್ತವರ ದೇವಾಲಯದ ಬಲಿಪೀಠವಿದ್ದ ಸ್ಥಳದಲ್ಲಿ ಮದುವೆಗೆ ಮುಂಚಿನ ಚಿತ್ರ ತೆಗೆಸಿಕೊಳ್ಳುವುದು, ಉಂಡ ಎಲೆ ಬಾಟಲಿಗಳನ್ನು ಅಲ್ಲಿಯೇ ಎಸೆದು ಬರುವುದು ಯಾವ ಸಂಸ್ಕಾರ? ಹೀಗೆ ಮಾಡುವವರು ಅನ್ಯರೆಂದು ತಳ್ಳಿಹಾಕಲು ಬಾರದು. ಕೊರಳಲ್ಲಿ ಜಪಮಾಲೆ ಧರಿಸಿದವರೂ ಅವರಲ್ಲಿದ್ದಾರೆ.

ಇದಕ್ಕೆ ಒಂದು ಪಂಡಿತ ಉತ್ತರ ಸಿದ್ಧವಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1212ನೆಯ ವಿಧಿಯಂತೆ, ಬಹುಪಾಲು ನಾಶವಾದ ಪವಿತ್ರ ಸ್ಥಳ ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಅದು ಈಗ ಬರಿಯ ಕಲ್ಲುಮಣ್ಣು ಎಂಬುದು ಆ ಉತ್ತರ. ವಿಧಿ ಸರಿಯಾಗಿಯೇ ಇದೆ. ಆದರೆ ಹತ್ತು ವಿಧಿ ಮುಂದೆ ಓದಿದರೆ, ಪೂಜೆಗೆ ಬಳಸಲಾಗದ ದೇವಾಲಯವನ್ನು ಧರ್ಮಾಧ್ಯಕ್ಷರು ಲೌಕಿಕ ಬಳಕೆಗೆ ಬಿಟ್ಟುಕೊಡುವಾಗಲೂ ಆ ಬಳಕೆ ಹೀನವಾಗಿರಬಾರದು ಎಂಬ ಷರತ್ತು ಕಾಣುತ್ತದೆ. ಪ್ರಾಣ ಹೋದ ದೇಹವನ್ನು ಯಾರೂ ಬೀದಿಯಲ್ಲಿ ಬಿಡುವುದಿಲ್ಲವಷ್ಟೆ.

ಇನ್ನು ಕೆಲವರು ಉತ್ಸಾಹದಿಂದ, ‘ಎಲ್ಲವನ್ನೂ ಮೊದಲಿನಂತೆ ಮತ್ತೆ ಕಟ್ಟಿಬಿಡೋಣ’ ಎನ್ನುತ್ತಾರೆ. ಅವರು ಗೋಥಿಕ್ ಕಟ್ಟಡದ ಬಗೆಯನ್ನು ಅರಿತಿಲ್ಲವೆಂದೇ ಹೇಳಬೇಕು. 1144ರಲ್ಲಿ ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠದಲ್ಲಿ ಮಠಾಧಿಪತಿ ಸುಜೇ ಪೂರೈಸಿದ ಪೂರ್ವಭಾಗದಿಂದ ಮೊದಲ್ಗೊಂಡು ಈ ಶೈಲಿಯ ಗುಟ್ಟು ಒಂದೇ: ಭಾರವನ್ನು ಹಂಚಿಕೊಳ್ಳುವುದು. ಚೂಪು ಕಮಾನು ಭಾರವನ್ನು ಪಕ್ಕಕ್ಕೆ ತಳ್ಳುವುದಕ್ಕಿಂತ ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ; ಉಳಿದ ಒತ್ತಡವನ್ನು ಹೊರಗಿನ ಆನಿಕೆಗಳು ತಾಳಿಕೊಳ್ಳುತ್ತವೆ; ಹೀಗೆ ಹಗುರಾದ ಗೋಡೆಯಲ್ಲಿ ದೊಡ್ಡ ಕಿಟಕಿ ತೆರೆದು ಬೆಳಕು ಒಳಬರುತ್ತದೆ. ಒಂದು ಅಂಗ ಬಿದ್ದರೆ ಇನ್ನೊಂದು ಒಂಟಿಯಾಗುತ್ತದೆ. ಶೆಟ್ಟಿಹಳ್ಳಿಯಲ್ಲಿ ಚಾವಣಿ ಹೋಗಿದೆ. ವರ್ಷವರ್ಷವೂ ನೆನೆದು ಒಣಗುವ ಇಟ್ಟಿಗೆಯೊಳಗೆ ಲವಣಗಳು ಹರಳುಗಟ್ಟಿ ಮೇಲ್ಮೈಯನ್ನು ಸಿಡಿಸುತ್ತವೆ, ಬಿರುಕುಗಳಲ್ಲಿ ಬೇರುಗಳು ಇಳಿಯುತ್ತವೆ. (ಆ ಗಾರೆಗೆ ಬೆಲ್ಲ, ಮೊಟ್ಟೆ ಸೇರಿಸಿದ್ದರಂತೆ ಎಂದು ಎಲ್ಲರೂ ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ. ಹಿಡಿದು ನಿಲ್ಲಿಸಿದ್ದು ಸುಣ್ಣ, ಅದರ ಸುದ್ದಿ ಯಾರಿಗೂ ಬೇಡ.) ಜಲಾಶಯದ ಅಂಗಳದಲ್ಲಿ, ಜನರೇ ಇಲ್ಲದ ಕಡೆ, ಹೊಸ ಸಿಮೆಂಟಿನ ಪ್ರತಿಯನ್ನು ಎಬ್ಬಿಸಿದರೆ ಅದು ಚಿತ್ರೀಕರಣದ ಸೆಟ್ಟಾಗುತ್ತದೆ. ನಿಂತಿರುವ ಗೋಡೆಗಳಿಗೆ ಸುಣ್ಣದ ಕೆಲಸ ಬಲ್ಲ ತಜ್ಞರಿಂದ ಆಸರೆ ಕೊಡಿಸುವುದು, ಗೋಡೆ ಹತ್ತದಂತೆ ಬೇಲಿ, ಇಲ್ಲಿ ಒಂದು ಊರಿತ್ತು ಎಂದು ತಿಳಿಸುವ ಕನ್ನಡದ ಫಲಕ – ಇಷ್ಟನ್ನು ಸರ್ಕಾರವೂ ಧರ್ಮಸಭೆಯೂ ಕೂಡಿ ಮಾಡಿದರೆ ಸಾಕು. ಅದಕ್ಕಿಂತ ತುರ್ತಾದುದು, ಅಲ್ಲಿ ದೀಕ್ಷಾಸ್ನಾನ ಪಡೆದ ಹಿರಿಯರು ಬದುಕಿರುವಾಗಲೇ ಅವರ ನೆನಪುಗಳನ್ನು ಬರೆದಿಡುವುದು. 1979ರಲ್ಲಿ ಇಪ್ಪತ್ತರ ತರುಣರಾಗಿದ್ದವರು ಈಗ ಅರವತ್ತೈದು ದಾಟಿದ್ದಾರೆ.

ನನಗೆ ಹೆಚ್ಚು ನೋವು ತರುವ ಸಂಗತಿ ಬೇರೆಯಿದೆ. ನೀರಲ್ಲಿ ಮುಳುಗಿದ ದೇವಾಲಯಕ್ಕಾಗಿ ನಿಟ್ಟುಸಿರಿಡುವ ನಾವು, ನೀರಿಲ್ಲದ ಕಡೆ ನಮ್ಮ ಕೈಯಾರೆ ಹಳೆಯ ದೇವಾಲಯಗಳನ್ನು ಕೆಡವುತ್ತೇವೆ. ‘ಜಾಗ ಸಾಲದು’ ಎನ್ನುತ್ತೇವೆ. ಅದು ಎಷ್ಟೋ ವೇಳೆ ನಿಜವೂ ಹೌದು, ಕುಟುಂಬಗಳು ಬೆಳೆದಿವೆ. ಆದರೆ ಕೆಡವಿದ ಮೇಲೆ ಕಾಂಕ್ರೀಟಿನ ಚೌಕಟ್ಟು ಎಬ್ಬಿಸಿ, ಭಾರವನ್ನೇ ಹೊರದ ಚೂಪು ಕಮಾನುಗಳನ್ನು ಅದಕ್ಕೆ ಅಂಟಿಸಿ ‘ಗೋಥಿಕ್ ಶೈಲಿ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವುದೇಕೆ? ಅಜ್ಜಂದಿರ ನಿಜವಾದ ಗಾರೆಗೋಡೆ ಬೇಡ, ಅದರ ವೇಷ ಬೇಕು!

ನಿಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದೆ ಅಂತಹ ಠರಾವು ಬಂದಾಗ, ಗುರುಗಳು ಬೇಸರಿಸಿಕೊಂಡಾರೆಂದು ಸುಮ್ಮನೆ ಕೈಯೆತ್ತಬೇಡಿರಿ. ಹಳೆಯದನ್ನು ಉಳಿಸಿಕೊಂಡೇ ಪಕ್ಕದಲ್ಲಿ ವಿಸ್ತರಿಸಲಾಗದೆ ಎಂದು ಕೇಳಿರಿ. ಗೋಡೆಯನ್ನು ಬಲ್ಲವರೊಬ್ಬರು ಬಂದು ನೋಡಿದರೇ ಎಂದು ಕೇಳಿರಿ. ಕೆಡವಲೇಬೇಕಾದರೆ, ಕೆಡವುವ ಮುನ್ನ ಅಳತೆಯ ನಕ್ಷೆಯನ್ನೂ ಛಾಯಾಚಿತ್ರಗಳನ್ನೂ ತೆಗೆದು ದಫ್ತರದಲ್ಲಿ ಇಡುವಿರಾ ಎಂದು ಕೇಳಿರಿ. ಚಿತ್ರ ಬೇಕೆನ್ನುವ ಮದುವೆಯ ಜೋಡಿಗಳಿಗೂ ಒಂದು ಸೂಚನೆ: ಹೇಮಾವತಿಯ ತನಕ ಹೋಗುವ ಮುನ್ನ, ನಿಮ್ಮ ಅಜ್ಜ ಅಜ್ಜಿ ಕೈಹಿಡಿದ ದೇವಾಲಯದ ಬಾಗಿಲು ಇನ್ನೂ ಇದೆಯೇ ಎಂದು ವಿಚಾರಿಸಿ ನೋಡಿರಿ.