ಕಾಪಿ ಹೊಡೆದ ವರ್ಕ್‌ಫ್ಲೋ ಮತ್ತು ನಮ್ಮೂರ ಉತಾರ

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಟ ಇದೆ. ಯಾರಾದರೂ "ನಮ್ಮಲ್ಲಿ ಪದ್ಧತಿ ಸ್ವಲ್ಪ ಬೇರೆ ರೀ" ಅಂದ ಕೂಡಲೇ ಹಳೇ ವರ್ಕ್‌ಫ್ಲೋ ಕಾಪಿ ಹೊಡೆದು, ಎರಡು ಹೆಜ್ಜೆ ಬದಲಿಸಿ, ಹೊಸ ಹೆಸರಿಟ್ಟು ಕೈ ತೊಳೆದುಕೊಳ್ಳೋದು. ಎರಡು ವರ್ಷದಲ್ಲಿ ಒಂದು ಹೋಗಿ ಹದಿನಾರು ಆಗಿರುತ್ತೆ. ಯಾವುದು ಯಾಕೆ ಬೇರೆ ಅಂತ ಯಾರಿಗೂ ನೆನಪಿರಲ್ಲ. ಇದು ಬರೀ ನಮ್ಮ ತಲೆನೋವಲ್ಲ, ಕೊನೆಗೆ ಅನುಭವಿಸೋನು ಕೌಂಟರಿನ ಆಚೆ ನಿಂತವನು ಅನ್ನೋದು ನನ್ನ ವಾದ.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯದೇ ಉದಾಹರಣೆ ತಗೊಳ್ಳಿ: ಉತಾರದಲ್ಲಿ ಹೆಸರು ಬದಲಾಗೋದು (ಬೆಂಗಳೂರಿನ ಗೆಳೆಯರೇ, ನೀವು ಪಹಣಿ ಅಂತೀರಲ್ಲ, ಅದೇ). ಭೂಮಿ ಯೋಜನೆ ಬಂದಮೇಲೆ ಇದೂ ಕಂಪ್ಯೂಟರಿಗೆ ಹೋಯ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128, 129ನೇ ಕಲಂ ನೋಡಿದರೆ ಬೆನ್ನೆಲುಬು ಒಂದೇ: ವರ್ದಿ, ನೋಟಿಸು, ತಕರಾರಿಗೆ ಕಾಯೋದು, ಆದೇಶ, ಆಮೇಲೆ ಹೊಸ ಉತಾರ. ತಕರಾರು ಬಂದರೆ ಮಾತ್ರ ದಾರಿ ವಿಚಾರಣೆ ಕಡೆ ಹೊರಳುತ್ತೆ.

ಆದರೆ ಎಲ್ಲ ಪ್ರಕರಣವೂ ಒಂದೇ ಅಲ್ಲ. ಖರೀದಿಯಾದರೆ ನೋಂದಣಿ ಕಚೇರಿಯಿಂದಲೇ ಮಾಹಿತಿ ಬರುತ್ತೆ, ರೈತ ವರ್ದಿ ಕೊಡಬೇಕಿಲ್ಲ. ವಾರಸಾ ಆದರೆ ಖರೀದಿ ಪತ್ರ ಇರೋದೇ ಇಲ್ಲ, ಮರಣ ಪ್ರಮಾಣಪತ್ರ ಮತ್ತು ವಂಶಾವಳಿ ಇರುತ್ತೆ. ವಾಟ್ನಿಯಲ್ಲಿ ಹೊಲ ತುಂಡಾದರೆ ಸರ್ವೆಯವರ 11ಇ ನಕ್ಷೆ ಬೇಕು. ಬ್ಯಾಂಕಿನ ಬೋಜಾ ಏರಿಸುವಾಗ ಮಾಲೀಕನೇ ಬದಲಾಗಲ್ಲ. ಇವು ನಿಜವಾದ ವೇರಿಯಂಟುಗಳು.

ಇನ್ನು ಸುಳ್ಳು ವೇರಿಯಂಟುಗಳು. ಕಿತ್ತೂರು ಮೊದಲು ಬೈಲಹೊಂಗಲ ತಾಲೂಕಿನಲ್ಲಿತ್ತು, ಈಗ ತಾನೇ ತಾಲೂಕು. ರಾಮದುರ್ಗ 1948ರವರೆಗೂ ಸಂಸ್ಥಾನ. ನಾವು ತಲಾಠಿ ಅನ್ನೋರನ್ನ ಸರ್ಕಾರ ಗ್ರಾಮ ಲೆಕ್ಕಾಧಿಕಾರಿ ಅಂತಿತ್ತು, ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತೆ. ಹಾಗಂತ ಊರಿಗೊಂದು ಫ್ಲೋ ಬೇಕಾ? ಖಂಡಿತ ಬೇಡ. ಕಚೇರಿ, ಹುದ್ದೆಯ ಹೆಸರು ಟೇಬಲ್ಲಿನಲ್ಲಿ ಕೂರೋ ಡೇಟಾ ಅಷ್ಟೇ. ನೋಟಿಸಿನ ಅವಧಿಯೂ ಹಾಗೇ. ಮೊದಲು 30 ದಿನ ಇತ್ತು, ಆಮೇಲೆ ಕಡಿಮೆ ಮಾಡಿದರು. ನಾಲ್ಕು ತಾಲೂಕು, ನಾಲ್ಕು ಬಗೆ ಅಂತ ಹದಿನಾರು ಕಾಪಿ ಇಟ್ಟುಕೊಂಡರೆ ಹದಿನಾರು ಕಡೆ ತಿದ್ದಬೇಕು. ಒಂದು ಕಡೆ ಮರೆತರೆ ಅಲ್ಲಿನ ರೈತ ಸುಮ್ಮನೆ ಹಳೇ ಲೆಕ್ಕದಲ್ಲಿ ಕಾಯ್ತಾ ಕೂರಬೇಕು.

ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕೋದೂ ಅಷ್ಟೇ ಅಪಾಯ. "ನೋಂದಣಿ ಸಂಖ್ಯೆ ಕಡ್ಡಾಯ" ಅಂತ ಒಂದು ಡಬ್ಬಿ ಇಟ್ಟುಬಿಟ್ಟರೆ ಅಪ್ಪ ತೀರಿಕೊಂಡ ಮಗ ಅಲ್ಲೇ ನಿಂತ. 2019ರಲ್ಲಿ ಶುರುವಾದ ಪಿಎಂ-ಕಿಸಾನ್ ನೋಡಿ. ವರ್ಷಕ್ಕೆ 6,000 ರೂಪಾಯಿ ಬರಬೇಕಾದರೆ ಜಮೀನು 2019ರ ಫೆಬ್ರವರಿ 1ಕ್ಕೆ ತಮ್ಮ ಹೆಸರಿನಲ್ಲಿರಬೇಕು ಅನ್ನೋ ನಿಯಮ, ಆದರೆ ಮಾಲೀಕ ಸತ್ತು ವಾರಸಾ ಆಗಿದ್ದರೆ ವಿನಾಯಿತಿ. ವಾರಸಾ ಬೇರೆ ಅಂತ ನಿಯಮಕ್ಕೆ ಗೊತ್ತಿದೆ, ನಮ್ಮ ಸ್ಕ್ರೀನಿಗೂ ಗೊತ್ತಿರಬೇಕಲ್ಲವೇ?

ಹಾಗಾದರೆ ಮಾಡೋದೇನು? ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದವರ ಪ್ರೊವಾಪ್ ಅನ್ನೋ ವಿಧಾನ ನನಗೆ ಹಿಡಿಸಿತು. ಮೂಲ ಪ್ರಕ್ರಿಯೆ ಒಂದೇ. ಪ್ರತಿ ವ್ಯತ್ಯಾಸವೂ ಅದರ ಮೇಲಿನ ಒಂದು ತಿದ್ದುಪಡಿ: ಹೆಜ್ಜೆ ಸೇರಿಸು, ತೆಗೆ, ಜಾಗ ಬದಲಿಸು, ಗುಣ ಬದಲಿಸು. ಯಾವ ಸಂದರ್ಭಕ್ಕೆ ಯಾವ ತಿದ್ದುಪಡಿ ಅನ್ನೋದು ನಿಯಮವಾಗಿ ಜೊತೆಗೇ ಇರುತ್ತೆ. "ಎಲ್ಲ ಒಂದರಲ್ಲೇ ತುರುಕಿದರೆ ಇಫ್-ಎಲ್ಸ್ ಗೋಜಲಾಗಲ್ವಾ?" ಅಂತ ಕೇಳಬಹುದು. ಮೂಲವನ್ನೂ ತಿದ್ದುಪಡಿಗಳನ್ನೂ ಬೇರೆ ಬೇರೆ ಇಟ್ಟರೆ ಆಗಲ್ಲ. ವಾರಸಾ ನೋಡೋನಿಗೆ ವಾರಸಾ ದಾರಿ ಮಾತ್ರ ಕಂಡರೆ ಸಾಕು.

ಇದಕ್ಕೆ ನನ್ನದೊಂದು ಷರತ್ತು ಸೇರಿಸ್ತೀನಿ :-) ಪ್ರತಿ ತಿದ್ದುಪಡಿಯ ಪಕ್ಕ ಅದರ ಕಾರಣ ಬರೆದಿರಬೇಕು: ಯಾವ ಕಲಂ, ಯಾವ ಸುತ್ತೋಲೆ. "ಆ ಆಫೀಸಿನಲ್ಲಿ ಹಿಂಗೇ ನಡೀತದ" ಅನ್ನೋದು ಕಾರಣ ಅಲ್ಲ. ಸುತ್ತೋಲೆ ರದ್ದಾದ ದಿನ ಆ ತಿದ್ದುಪಡಿಯೂ ಹೋಗಬೇಕು.

ಇದೇ ಕೆಲಸದಲ್ಲಿರೋ ಗೆಳೆಯರೇ, ನಿಮ್ಮಲ್ಲಿ ಎಷ್ಟು ಕಾಪಿಗಳಿವೆ? ಅದರಲ್ಲಿ ಎಷ್ಟಕ್ಕೆ ಕಾರಣ ಗೊತ್ತಿದೆ? ತಿಳಿಸಿ.